ಗುಬ್ಬಿಯ ಮನೆತನ, ನಮ್ಮ ಚಿಕ್ಕಪ್ಪ ಮತ್ತು ಒಂದು ದೂರವಾಣಿ ಕರೆ

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನನ್ನ ತಮ್ಮನ ಮಗ ಬೆಂಗಳೂರಿನಿಂದ ದೂರವಾಣಿ ಕರೆ ಮಾಡಿದನು. ಕುಶಲ ವಿಚಾರಿಸುವ ಮೊದಲೇ ಅಹವಾಲು ಆರಂಭವಾಯಿತು. "ದೊಡ್ಡಪ್ಪ, ನೀವೇ ಅವಳಿಗೆ ಒಂದು ಮಾತು ಹೇಳ್ಬೇಕು. ಇಂಜಿನಿಯರಿಂಗ್ ಮುಗೀತಾ ಬಂತು, ಕಾಲೇಜಿಗೇ ಬಂದು ಒಳ್ಳೇ ಕಂಪನಿಯವರು ಕೆಲಸ ಕೊಟ್ಟಿದಾರೆ. ಇವಳು ನೋಡಿದ್ರೆ ದೆಹಲಿ ನಾಟಕ ಶಾಲೆಗೆ ಅರ್ಜಿ ಹಾಕ್ತೀನಿ ಅಂತ ಕೂತಿದಾಳೆ. ನಾವು ಹೇಳಿದ್ರೆ ಕೇಳಲ್ಲ. ಮೇಷ್ಟ್ರು ನೀವು, ನಿಮ್ಮ ಮಾತು ಕೇಳ್ತಾಳೆ" ಎಂದನು. ನಾನು "ಆಗಲಪ್ಪ, ಮಾತಾಡ್ತೀನಿ" ಎಂದು ಹೇಳಿ ಫೋನು ಇಟ್ಟೆನು. ಇಟ್ಟ ಮೇಲೆ, ಮಾತನಾಡಲು ಒಪ್ಪಿಕೊಂಡದ್ದಷ್ಟೇ ಸುಲಭವಾಗಿತ್ತೆಂದೂ ಏನು ಮಾತನಾಡಬೇಕೆಂಬುದು ನನಗೇ ತಿಳಿಯದೆಂದೂ ಅರಿವಾಯಿತು.

ಏಕೆಂದರೆ ನಮ್ಮ ಮನೆತನದಲ್ಲಿ ಈ ಪ್ರಸಂಗ ಇದೇ ಮೊದಲಲ್ಲ. ನಮ್ಮ ತಾತನವರ ಕಾಲದಲ್ಲಿ ಒಮ್ಮೆ ನಡೆದಿದೆ. ನಾನು ಅಧ್ಯಾಪಕನಾಗಿದ್ದಾಗ, ನನ್ನ ಮನೆಯ ಮಗುವಲ್ಲದಿದ್ದರೂ ನನ್ನ ಕೈಯಲ್ಲಿ ಓದಿದ ಹುಡುಗನೊಬ್ಬನ ಬಾಳಿನಲ್ಲಿ ಮತ್ತೊಮ್ಮೆ ನಡೆದಿದೆ. ಎರಡರಲ್ಲಿಯೂ "ಬೇಡ" ಎಂಬ ಮಾತೇ ಗೆದ್ದಿತು. ಈ ಎರಡು ಸಂಗತಿಗಳನ್ನು ನೆನೆಯುವಾಗಲೆಲ್ಲ, ನಮ್ಮ ತಾಲ್ಲೂಕಿನ ಮಣ್ಣಿನಲ್ಲಿಯೇ ಹುಟ್ಟಿ, ನಾಲ್ಕು ತಲೆಮಾರುಗಳ ಕಾಲ "ಬೇಡ" ಎನ್ನದೆ ಬಣ್ಣ ಹಚ್ಚಿದ ಆ ಇನ್ನೊಂದು ಮನೆತನ ಮನಸ್ಸಿಗೆ ಬರುತ್ತದೆ. ಅದು ಗುಬ್ಬಿ ವೀರಣ್ಣನವರ ಮನೆತನ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ತುಮಕೂರು ಸೀಮೆಯವರೇ ಆದುದರಿಂದ ಗುಬ್ಬಿಯನ್ನು ಪರಿಚಯಿಸುವ ಅಗತ್ಯವಿಲ್ಲ. ಆದರೆ ಹೊರದೇಶಗಳಲ್ಲಿ ಬೆಳೆಯುತ್ತಿರುವ ನಿಮ್ಮ ಮಕ್ಕಳಿಗಾಗಿ ಹೇಳುವೆನು: ತುಮಕೂರಿನಿಂದ ಸುಮಾರು ಇಪ್ಪತ್ತು ಕಿಲೋಮೀಟರು ಪಶ್ಚಿಮಕ್ಕೆ, ರೈಲು ಹಾದಿಯಲ್ಲಿಯೇ ಸಿಕ್ಕುವ ತೆಂಗು ಅಡಿಕೆಗಳ ಊರು ಅದು. ಅಲ್ಲಿಯ ಅಧಿದೈವ ಚನ್ನಬಸವೇಶ್ವರಸ್ವಾಮಿ. 1884ರಲ್ಲಿ ಆ ಊರಿನ ಕೆಲವರು ಕೂಡಿಕೊಂಡು ಆ ದೇವರ ಹೆಸರಿನಲ್ಲಿಯೇ ಒಂದು ನಾಟಕ ಮಂಡಳಿಯನ್ನು ಕಟ್ಟಿದರು. ಅದೇ ಮುಂದೆ ನಾಡೆಲ್ಲ "ಗುಬ್ಬಿ ಕಂಪನಿ" ಎಂದು ಕರೆದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ. ವೀರಣ್ಣನವರು ಅದನ್ನು ಸ್ಥಾಪಿಸಿದವರಲ್ಲ. ಈ ಮಾತನ್ನು ಎಷ್ಟೋ ಜನ ತಪ್ಪಾಗಿ ತಿಳಿದಿದ್ದಾರೆ. ಕಂಪನಿ ಆರಂಭವಾದಾಗ ಅವರು ಹುಟ್ಟಿಯೇ ಇರಲಿಲ್ಲ. ಅವರು ಜನಿಸಿದ್ದು 1891ರಲ್ಲಿ. ಇನ್ನೂ ಎಳೆಯ ಬಾಲಕನಾಗಿದ್ದಾಗಲೇ ಆ ಕಂಪನಿಗೆ ಬಾಲನಟನಾಗಿ ಬಂದು ಸೇರಿದರು. ಆಡುತ್ತಾ, ಹಾಡುತ್ತಾ, ಕಂಪನಿಯ ಎಲ್ಲ ಕೆಲಸಗಳನ್ನೂ ಕಲಿಯುತ್ತಾ ಬೆಳೆದು, 1917ರಲ್ಲಿ ಅದರ ಒಡೆಯರಾದರು. ಪಾಠಶಾಲೆಗೆ ವಿದ್ಯಾರ್ಥಿಯಾಗಿ ಸೇರಿದ ಹುಡುಗನೇ ಕಾಲಕ್ರಮದಲ್ಲಿ ಅದರ ಮುಖ್ಯೋಪಾಧ್ಯಾಯನಾದಂತೆ! ಇಂತಹ ಉದಾಹರಣೆ ನನ್ನ ವೃತ್ತಿಯಲ್ಲಿ ನಾನು ಒಂದೆರಡನ್ನು ಮಾತ್ರ ಕಂಡಿದ್ದೇನೆ.

ಇನ್ನು ನಮ್ಮ ಚಿಕ್ಕಪ್ಪನ ಸಂಗತಿ. ನಮ್ಮ ತಂದೆಯ ಕಡೆಯ ತಮ್ಮ ಅವರು. 1934ರಲ್ಲಿ ಅವರಿಗೆ ಹದಿಮೂರು ವರ್ಷ. ನಮ್ಮ ತಾತನವರು ಕೊಬ್ಬರಿ ಮಾರುವುದಕ್ಕೆ ಬೆಂಗಳೂರಿನ ತರಗುಪೇಟೆಗೆ ಹೋಗುವಾಗ ಹುಡುಗನನ್ನೂ ಜೊತೆಯಲ್ಲಿ ಕರೆದುಕೊಂಡು ಹೋದರು. ಲೆಕ್ಕ ಬರೆಯುವುದನ್ನು ಕಲಿಯಲಿ ಎಂಬುದು ಅವರ ಉದ್ದೇಶ. ಆದರೆ ಆ ವರ್ಷ ಬೆಂಗಳೂರಿನಲ್ಲಿ ಗುಬ್ಬಿ ಕಂಪನಿಯವರ "ಕುರುಕ್ಷೇತ್ರ" ನಾಟಕ. ರಂಗಸ್ಥಳದ ಮೇಲೆ ನಿಜವಾದ ಆನೆ, ನಿಜವಾದ ಕುದುರೆ ಬರುತ್ತವೆ ಎಂಬ ಸುದ್ದಿ ಕೊಬ್ಬರಿ ಮಂಡಿಯಲ್ಲಿಯೂ ಹಬ್ಬಿತ್ತು. ಮಂಡಿಯ ಸಾಹುಕಾರರ ಮನೆಯ ಮಕ್ಕಳ ಜೊತೆಗೆ ಚಿಕ್ಕಪ್ಪನೂ ಹೋದರು. ಲೆಕ್ಕ ಕಲಿಯುವುದು ಅಲ್ಲಿಗೇ ಮುಗಿಯಿತು.

ಆನೆಯನ್ನು ನಾವು ಹಳ್ಳಿಯವರು ಕಂಡಿಲ್ಲವೆಂದಲ್ಲ. ಮಠದ ಆನೆ ವರ್ಷಕ್ಕೊಮ್ಮೆ ಊರಿಗೆ ಬರುತ್ತಿತ್ತು. ಆದರೆ, ಚಿಕ್ಕಪ್ಪ ನನಗೆ ಎಷ್ಟೋ ಸಲ ಹೇಳಿದಂತೆ, "ಬೀದೀಲಿ ಬರೋ ಆನೆ ಬರೀ ಆನೆ ಕಣಪ್ಪ. ಪರದೆ ಎದ್ದಾಗ ದೀಪದ ಬೆಳಕಲ್ಲಿ ನಿಂತಿತ್ತಲ್ಲ, ಅದು ಕುರುಕ್ಷೇತ್ರದ ಆನೆ." ನಾಟಕವೆಂದರೇನು ಎಂಬುದರ ಕುರಿತು ಮುಂದೆ ನಾನು ಎಷ್ಟೋ ವಿದ್ವಾಂಸರ ಲೇಖನಗಳನ್ನು ಓದಿದೆನು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಚಿಕ್ಕಪ್ಪನ ಈ ಮಾತು ಅವುಗಳ ಎದುರಿಗೆ ನಾಚಿ ಕೂರುವಂತಹುದಲ್ಲ.

ಊರಿಗೆ ಮರಳಿದ ಕೆಲವು ತಿಂಗಳಲ್ಲಿ ಹುಡುಗ ಒಂದು ರಾತ್ರಿ ಮನೆ ಬಿಟ್ಟನು. ಹೊಳವನಹಳ್ಳಿಯ ಅತ್ತೆಯ ಮನೆಗೆ ಹೋಗಿರಬಹುದೆಂದು ಎರಡು ದಿನ ಸುಮ್ಮನಿದ್ದರು. ಅಲ್ಲಿ ಇಲ್ಲವೆಂದು ತಿಳಿದ ಮೇಲೆ ಅಜ್ಜಿ ಅನ್ನ ನೀರು ಬಿಟ್ಟರು. ಕಡೆಗೆ, ಕಂಪನಿ ಕ್ಯಾಂಪು ಹಾಕಿದ್ದ ಊರಿನಲ್ಲಿ ಹುಡುಗನನ್ನು ಕಂಡೆನೆಂದು ಎತ್ತಿನ ವ್ಯಾಪಾರಿಯೊಬ್ಬ ಸುದ್ದಿ ತಂದನು. ತಾತ ತಕ್ಷಣ ಹೊರಡಲಿಲ್ಲ. ಸುಗ್ಗಿ ಮುಗಿಸಿಕೊಂಡು ಹೊರಟರು. ಅಷ್ಟರಲ್ಲಿ ಚಿಕ್ಕಪ್ಪ ಹನ್ನೊಂದು ತಿಂಗಳು ಕಂಪನಿಯಲ್ಲಿ ಇದ್ದಾಗಿತ್ತು.

ಆ ಹನ್ನೊಂದು ತಿಂಗಳಲ್ಲಿ ಅವರು ಕಲಿತದ್ದನ್ನು ಕೇಳಿದರೆ ನನಗೆ ಇಂದಿಗೂ ಅಚ್ಚರಿ. ಬೆಳಿಗ್ಗೆ ಐದು ಗಂಟೆಗೆ ಎದ್ದು ಹಾರ್ಮೋನಿಯಂ ಮೇಷ್ಟ್ರ ಎದುರು ಕುಳಿತು ಸ್ವರ ಹಿಡಿಯಬೇಕು. ಅನಂತರ ಮಾತುಗಾರಿಕೆಯ ಅಭ್ಯಾಸ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ತಪ್ಪಿದರೆ ಬೆನ್ನಿನ ಮೇಲೆ ಏಟು. ಹಕಾರಕ್ಕೆ ಅಕಾರವೆಂದರೆ ಆ ದಿನದ ಪಾತ್ರ ಹೋಯಿತು. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ನೆಲದ ಮೇಲೆ ಕುಳಿತ ಎರಡಾಣೆಯ ಪ್ರೇಕ್ಷಕನಿಗೂ ಪ್ರತಿಯೊಂದು ಅಕ್ಷರ ತಲುಪಬೇಕಲ್ಲ! ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿದ ನಾನು, "ಹಾಲು" ಎನ್ನಬೇಕಾದಲ್ಲಿ "ಆಲು" ಎನ್ನುವ ಮಕ್ಕಳನ್ನು ತಿದ್ದಿ ತಿದ್ದಿ ಸೋತಿದ್ದೇನೆ. ನಿಮ್ಮಲ್ಲಿ ಕೆಲವರು ಈಗ ನಗುತ್ತಿರಬಹುದು, ನಗಿರಿ. ಅದೇ ಸೀಮೆಯ ಅದೇ ನಾಲಿಗೆಯನ್ನು ಕಂಪನಿಯವರು ಹನ್ನೊಂದು ತಿಂಗಳಲ್ಲಿ ತಿದ್ದಿದ್ದರು. ಚಿಕ್ಕಪ್ಪ ಸಾಯುವವರೆಗೂ ಅವರ ಬಾಯಲ್ಲಿ ಒಂದು ಮಹಾಪ್ರಾಣವೂ ಸತ್ತದ್ದಿಲ್ಲ.

ಪಾತ್ರವೆಂದು ಅವರಿಗೆ ದೊರೆತದ್ದು ದೊಡ್ಡದೇನೂ ಅಲ್ಲ. ಸೈನಿಕ, ಸಖಿಯರ ಗುಂಪಿನಲ್ಲಿ ಒಬ್ಬ, ಋಷಿಕುಮಾರ. ಉಳಿದ ವೇಳೆಯಲ್ಲಿ ಪರದೆಯ ಹಗ್ಗ ಎಳೆಯುವುದು, ಜಟಕಾದಲ್ಲಿ ಕುಳಿತು ಹ್ಯಾಂಡ್‌ಬಿಲ್ಲು ಹಂಚುವುದು.

ತಾತ ಅಲ್ಲಿಗೆ ಹೋದದ್ದು ಸಂಜೆಯ ಹೊತ್ತಿಗೆ. ಮಗನನ್ನು ಹೊರಗೆಳೆದು ತರುವುದು ಬಿಟ್ಟು ಅವರು ಒಂದು ಟಿಕೇಟು ಕೊಂಡು ಒಳಗೆ ಹೋಗಿ ಕುಳಿತರಂತೆ. ನಾಟಕ ಬೆಳಗಿನ ಜಾವದವರೆಗೆ ನಡೆಯಿತು. ಮಂಗಳಾರತಿ ಆದ ಮೇಲೆ, ಬಣ್ಣವನ್ನು ಇನ್ನೂ ಪೂರ್ತಿ ತೊಳೆಯದ ಮಗನ ಮುಂದೆ ನಿಂತು, "ಅಡಿಕೆ ತೋಟಕ್ಕೆ ನೀರು ಕಟ್ಬೇಕು, ನಡಿ" ಎಂದಷ್ಟೇ ಹೇಳಿದರು. ಬೈಯಲಿಲ್ಲ, ಹೊಡೆಯಲಿಲ್ಲ. ತಾತ ಇಡೀ ನಾಟಕವನ್ನು ಕಣ್ಣು ಮಿಟುಕಿಸದೆ ನೋಡಿದರೆಂಬ ಸಂಗತಿ ಚಿಕ್ಕಪ್ಪನಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅಜ್ಜಿಯ ಬಾಯಿಂದ. "ಮೊದಲೇ ಗೊತ್ತಿದ್ರೆ ನಾನು ಬರ್ತಾನೇ ಇರ್ಲಿಲ್ಲ" ಎಂದು ಚಿಕ್ಕಪ್ಪ ಹೇಳುತ್ತಿದ್ದರು. ತಂದೆಯ ಮೇಲೆ ಅವರಿಗೆ ಇದ್ದ ಕೋಪ, ಕರೆದುಕೊಂಡು ಬಂದದ್ದಕ್ಕಲ್ಲ. ನೋಡಿ ಸಂತೋಷಪಟ್ಟೂ ಕರೆದುಕೊಂಡು ಬಂದದ್ದಕ್ಕೆ.

ತಾತನವರನ್ನು ನಾನು ಸಂಪೂರ್ಣವಾಗಿ ದೂಷಿಸಲಾರೆ. ಆ ಕಾಲದಲ್ಲಿ ನಾಟಕದವರಿಗೆ ಬಾಡಿಗೆಗೆ ಮನೆ ಸಿಕ್ಕುವುದು ಕಷ್ಟ, ಹೆಣ್ಣು ಕೊಡುವವರು ಇನ್ನೂ ಕಡಿಮೆ. ಹಾಡಿ ಮೆರೆದ ಕಂಠ ಒಡೆದ ಮೇಲೆ ಅನ್ನಕ್ಕೆ ದಿಕ್ಕಿಲ್ಲದ ನಟರ ಕಥೆಗಳು ಬೇಕಾದಷ್ಟಿದ್ದವು. ವರದಾಚಾರ್ಯರಂತಹ ಮಹಾನಟರು ಕಟ್ಟಿ ಮೆರೆಸಿದ ರತ್ನಾವಳಿ ಕಂಪನಿಗೂ ಅವರು ತೀರಿಕೊಂಡ ಮೇಲೆ ಹಿಂದಿನ ಕಳೆ ಇರಲಿಲ್ಲ. ಒಬ್ಬ ವ್ಯಕ್ತಿಯ ಪ್ರತಿಭೆಯ ಮೇಲೆ ನಿಂತದ್ದು ಆ ವ್ಯಕ್ತಿಯೊಡನೆಯೇ ಕುಸಿಯುತ್ತದೆ. ಗುಬ್ಬಿ ಕಂಪನಿ ಹಾಗಾಗದೆ ಉಳಿದದ್ದಕ್ಕೆ ಕಾರಣ, ನನಗೆ ತೋರುವಂತೆ, ಅಲ್ಲಿ ಮನೆ ಮತ್ತು ಕಂಪನಿ ಎಂಬ ಎರಡು ಬೇರೆ ಬೇರೆ ವಸ್ತುಗಳೇ ಇರಲಿಲ್ಲ ಎಂಬುದು. ವೀರಣ್ಣನವರ ಪತ್ನಿಯರು ರಂಗದ ಮೇಲೆ ಇದ್ದರು. ಮಕ್ಕಳು ಬಣ್ಣದ ಮನೆಯಲ್ಲಿ ತೊಟ್ಟಿಲಾಡಿದರು. ಅಡಿಗೆಯ ಒಲೆ ಒಂದೇ.

ಇಲ್ಲಿ ಬಿ. ಜಯಮ್ಮನವರ ಮಾತನ್ನು ಹೇಳದೆ ಮುಂದೆ ಹೋಗಲಾಗದು. ಗಂಡಸರೇ ಸೀರೆಯುಟ್ಟು ಸೀತೆ ದ್ರೌಪದಿಯರಾಗುತ್ತಿದ್ದ ಕಾಲವದು. ಗೃಹಸ್ಥರ ಮನೆಯ ಹೆಣ್ಣುಮಕ್ಕಳು ರಂಗದ ಹತ್ತಿರ ಸುಳಿಯುವುದೂ ನಿಷಿದ್ಧವೆಂದು ತಿಳಿದಿದ್ದ ಜನರ ನಡುವೆ ಸ್ತ್ರೀಪಾತ್ರಗಳನ್ನು ಸ್ತ್ರೀಯರಿಂದಲೇ ಮಾಡಿಸುವ ಧೈರ್ಯವನ್ನು ವೀರಣ್ಣನವರು ತೋರಿದರು. ಧೈರ್ಯ ಅವರದಷ್ಟೇ ಎಂದರೆ ಅನ್ಯಾಯವಾದೀತು. ಟಿಕೇಟು ಕೊಂಡು ಬಂದು ಚಪ್ಪಾಳೆ ತಟ್ಟಿ, ಮನೆಗೆ ಹೋಗಿ ಹಗುರವಾಗಿ ಮಾತನಾಡುವವರ ಎದುರಿಗೆ ರಾತ್ರಿ ರಾತ್ರಿ ನಿಂತು ಹಾಡಿದವರು ಆ ಹೆಂಗಸರು. ಅವರಲ್ಲಿ ಜಯಮ್ಮನವರ ಕಂಠವೂ ಅಭಿನಯವೂ ಹೆಸರಾದವು. ವೀರಣ್ಣನವರ ಪತ್ನಿಯಾಗಿ, ಕಂಪನಿಯ ನಾಯಕನಟಿಯಾಗಿ, ಮುಂದೆ ಚಲನಚಿತ್ರಗಳ ನಟಿಯಾಗಿ ಅವರು ಮೂರು ಬಾಳುಗಳನ್ನು ಒಟ್ಟಿಗೆ ಬಾಳಿದರು.

ಚಲನಚಿತ್ರವೆಂದೊಡನೆ ಇನ್ನೊಂದು ಮಾತು. ನಾಟಕದವರನ್ನು ಸಿನಿಮಾ ಹಾಳುಮಾಡಿತೆಂದು ಹೇಳುವುದು ವಾಡಿಕೆ. ಆದರೆ ನಮ್ಮಲ್ಲಿ ಸಿನಿಮಾವನ್ನು ಕೈಹಿಡಿದು ಒಳಗೆ ಕರೆತಂದವರೇ ನಾಟಕದವರು. ಮಾತು ಬರುವುದಕ್ಕೆ ಮುಂಚೆಯೇ ವೀರಣ್ಣನವರು ಮೂಕಿ ಚಿತ್ರಗಳಿಗೆ ಕೈಹಾಕಿದ್ದರು. ವೈ. ವಿ. ರಾವ್ ನಿರ್ದೇಶಿಸಿದ "ಹರಿಮಾಯ" ಆ ಪ್ರಯತ್ನಗಳಲ್ಲಿ ಒಂದು. 1931ರ "ಹಿಸ್ ಲವ್ ಅಫೇರ್" ಎಂಬ ಮೂಕಿ ಚಿತ್ರವನ್ನು ನಿರ್ದೇಶಿಸಿದವರು ರಾಫೆಲ್ ಆಲ್ಗೋ ಎಂಬ ಬೆಲ್ಜಿಯಂ ದೇಶದವರು. ಗುಬ್ಬಿಯಲ್ಲಿ ಹುಟ್ಟಿದವರ ಮುಂದೆ ಬೆಲ್ಜಿಯಂನವರು ನಿಂತು ಅಭಿನಯ ಹೇಳಿಕೊಟ್ಟ ದೃಶ್ಯವನ್ನು ಊಹಿಸಿಕೊಂಡರೆ ನನಗೆ ನಗು ಬರುತ್ತದೆ. ಕಂದ ಹಾಡಿ, ವನ್ಸ್ ಮೋರ್ ಪಡೆದು, ಮತ್ತೆ ಹಾಡಿ ಅಭ್ಯಾಸವಾದವರಿಗೆ ತುಟಿ ಅಲುಗಿಸಿದರೂ ಸದ್ದು ಬಾರದ ಆ ವಿದ್ಯೆ ಎಷ್ಟು ವಿಚಿತ್ರವೆನಿಸಿರಬೇಕು!

1934ರ ಮಾರ್ಚ್ 3ರಂದು ಕನ್ನಡದ ಮೊದಲ ವಾಕ್ಚಿತ್ರ "ಸತಿ ಸುಲೋಚನ" ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ತೆರೆ ಕಂಡಿತು. ಇದು ಗುಬ್ಬಿ ಮನೆತನದ ಚಿತ್ರವಲ್ಲ, ಆದರೂ ಇದರಲ್ಲಿ ನಮ್ಮ ಸೀಮೆಯ ಪಾಲಿದೆ. ಇದರ ಮಾತು ಮತ್ತು ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಬೆಳ್ಳಾವಿ ನಮ್ಮ ತುಮಕೂರಿನ ಪಕ್ಕದ ಊರು. ರಾವಣನ ಪಾತ್ರದಲ್ಲಿ ಆರ್. ನಾಗೇಂದ್ರರಾಯರು, ಇಂದ್ರಜಿತುವಾಗಿ ಎಂ. ವಿ. ಸುಬ್ಬಯ್ಯ ನಾಯ್ಡು. ಇಬ್ಬರೂ ರಂಗಭೂಮಿಯವರೇ, ಜೊತೆಗಾರರೇ. ಆ ಇಬ್ಬರ ಮನೆಗಳಲ್ಲಿಯೂ ಕಲೆ ತಲೆಮಾರಿನಿಂದ ತಲೆಮಾರಿಗೆ ಇಳಿಯಿತು. ನಾಗೇಂದ್ರರಾಯರ ಮಕ್ಕಳಲ್ಲಿ ಆರ್. ಎನ್. ಕೃಷ್ಣಪ್ರಸಾದ್ ಛಾಯಾಗ್ರಾಹಕರಾದರು, ಜಯಗೋಪಾಲ್ ಗೀತರಚನಕಾರರಾದರು, ಸುದರ್ಶನ್ ನಟರಾದರು. ನಾಯ್ಡು ಅವರ ಮಗ ಲೋಕೇಶ್, ಬಾಲಕನಾಗಿ ತಂದೆಯೊಡನೆ 1958ರ "ಭಕ್ತ ಪ್ರಹ್ಲಾದ"ದಲ್ಲಿ ಕಾಣಿಸಿಕೊಂಡು, ದೊಡ್ಡವರಾದ ಮೇಲೆ "ಭೂತಯ್ಯನ ಮಗ ಅಯ್ಯು"ವಿನ ಅಯ್ಯುವಾಗಿ, "ಪರಸಂಗದ ಗೆಂಡೆತಿಮ್ಮ"ನಾಗಿ ನಮ್ಮನ್ನು ನಗಿಸಿ ಅಳಿಸಿದರು. ಅವರ ಪತ್ನಿ ಗಿರಿಜಾ ಲೋಕೇಶ್ ಮತ್ತು ಮಕ್ಕಳನ್ನು ನೀವೆಲ್ಲ ಬಲ್ಲಿರಿ. ಆದರೆ ಸುಬ್ಬಯ್ಯ ನಾಯ್ಡು ಅವರ ಇಂದ್ರಜಿತುವನ್ನು ಮೊಮ್ಮಕ್ಕಳು ನೋಡಲಾರರು. "ಸತಿ ಸುಲೋಚನ"ದ ಒಂದು ಪ್ರತಿಯೂ ಇಂದು ಉಳಿದಿಲ್ಲ.

ಇದನ್ನು ತಿಳಿದಾಗ ನನಗೆ ಒಂದು ವಿಚಾರ ಹೊಳೆಯಿತು. ಶಾಶ್ವತವೆಂದು ಯಂತ್ರದಲ್ಲಿ ಹಿಡಿದಿಟ್ಟದ್ದು ನಷ್ಟವಾಗಿದೆ. ಒಂದೇ ರಾತ್ರಿಗೆ ಮುಗಿದುಹೋಗುವ ನಾಟಕದ ಹಾಡು, ಬಾಯಿಂದ ಬಾಯಿಗೆ ಬಂದದ್ದು, ಉಳಿದಿದೆ. ನಮ್ಮ ಮನೆಯ ಮದುವೆಗಳಲ್ಲಿ ಊಟವಾದ ಮೇಲೆ ಹಿರಿಯರೆಲ್ಲ "ಹಾಡಯ್ಯ" ಎಂದು ಒತ್ತಾಯಿಸಿದಾಗ ಚಿಕ್ಕಪ್ಪ ವಲ್ಲಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು ಹಾಡುತ್ತಿದ್ದ ಮಟ್ಟುಗಳು ನನ್ನ ಕಿವಿಯಲ್ಲಿವೆ. ನನ್ನ ತಂಗಿಯ ಕಿವಿಯಲ್ಲಿಯೂ ಇವೆ. ನಮ್ಮ ಬಳಿಕ ಇರುವುದಿಲ್ಲವೇನೋ.

ಮತ್ತೆ ಗುಬ್ಬಿಗೆ ಬರೋಣ. 1942ರ "ಜೀವನ ನಾಟಕ"ಕ್ಕೆ ಅ.ನ.ಕೃ. ಅವರಂತಹ ಸಾಹಿತಿಗಳನ್ನು ಕರೆತಂದರು. 1946ರ "ಹೇಮರೆಡ್ಡಿ ಮಲ್ಲಮ್ಮ"ದಲ್ಲಿ ಜಯಮ್ಮನವರೇ ಮಲ್ಲಮ್ಮ. ಅದಕ್ಕೆ ಹಿಂದಿನ ವರ್ಷ ತೆಲುಗಿನ "ಸ್ವರ್ಗಸೀಮ"ದಲ್ಲಿ ನಾಗಯ್ಯನವರ ಪತ್ನಿಯ ಪಾತ್ರವನ್ನು ಮಾಡಿ ಅವರು ಆಂಧ್ರದವರ ಮನಸ್ಸನ್ನೂ ಗೆದ್ದಿದ್ದರು. ನಮ್ಮ ತಾಯಿ ತಮ್ಮ ಜೀವಮಾನದಲ್ಲಿ ನೋಡಿದ ಸಿನಿಮಾಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಜಾತ್ರೆಯ ಟೂರಿಂಗ್ ಟಾಕೀಸಿನಲ್ಲಿ ನೋಡಿದ "ಹೇಮರೆಡ್ಡಿ ಮಲ್ಲಮ್ಮ" ಒಂದು. ಮನೆಯಲ್ಲಿ ಅತ್ತೆಯೊಡನೆ ಏನಾದರೂ ಕಸಿವಿಸಿಯಾದರೆ, "ಮಲ್ಲಮ್ಮ ಪಟ್ಟ ಪಾಡಿನ ಮುಂದೆ ನಂದೇನು ಮಹಾ" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ತಾತನವರು ಬಾಗಿಲಲ್ಲಿ ತಡೆದ ನಾಟಕದವರು ಹೀಗೆ ಹಿತ್ತಲಿನಿಂದ ನಮ್ಮ ಅಡಿಗೆಮನೆಯನ್ನು ಹೊಕ್ಕಿದ್ದರು.

1954ರಲ್ಲಿ ಅವರ ನಿರ್ಮಾಣ ಸಂಸ್ಥೆಯ "ಬೇಡರ ಕಣ್ಣಪ್ಪ" ಬಂದಿತು. ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನದ ಆ ಚಿತ್ರದಿಂದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ, ನಾಡಿಗೆ ರಾಜಕುಮಾರರಾಗಿ ದೊರೆತರು. ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಮಗನೂ ಎಳವೆಯಿಂದಲೇ ಅಲ್ಲಿ ತಂದೆಯೊಡನೆ ಬೆಳೆದವರು. ಅಂದರೆ ಒಂದು ಕಲಾವಿದ ಮನೆತನದ ಮಡಿಲಲ್ಲಿ ಇನ್ನೊಂದು ಕಲಾವಿದ ಮನೆತನ ಚಿಗುರಿತು. ಶಾಲೆಯಲ್ಲಿ ಓದಿದ್ದು ಅತ್ಯಲ್ಪವಾದರೂ ರಾಜಕುಮಾರರ ಕನ್ನಡವನ್ನು ಕೇಳಿ ನಾವು ಅಧ್ಯಾಪಕರು ತಲೆದೂಗುತ್ತಿದ್ದೆವು. ಆ ಉಚ್ಚಾರಣೆಯ ಗುಟ್ಟು ನನಗೆ ಗೊತ್ತಿತ್ತು: ಬೆಳಗಿನ ಐದು ಗಂಟೆ, ಹಾರ್ಮೋನಿಯಂ, ಬೆನ್ನಿನ ಮೇಲಣ ಏಟು!

ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್ ಎಲ್ಲರೂ ಆ ಕಂಪನಿಯ ಅನ್ನ ಉಂಡವರು. ಬಿ. ವಿ. ಕಾರಂತರ ಕಥೆಯಂತೂ ನನ್ನ ಮನಸ್ಸನ್ನು ಬಹಳವಾಗಿ ಕಲಕಿದೆ. ದಕ್ಷಿಣ ಕನ್ನಡದಿಂದ ಮನೆ ಬಿಟ್ಟು ಓಡಿಬಂದು ಕಂಪನಿ ಸೇರಿದ ಹುಡುಗನನ್ನು ವೀರಣ್ಣನವರು ಓದುವುದಕ್ಕಾಗಿ ಕಾಶಿಗೆ ಕಳುಹಿಸಿದರು. ಹುಡುಗ ಅಲ್ಲಿ ಹಿಂದಿಯಲ್ಲಿ ಎಂ.ಎ. ಮಾಡಿ, ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾಗಿ ಇಡೀ ಭಾರತದ ರಂಗಭೂಮಿಗೆ ಹೊಸ ಸಂಗೀತ ಕೊಟ್ಟನು. ಮನೆ ಬಿಟ್ಟು ಓಡಿದ ಎರಡು ಹುಡುಗರು: ಒಬ್ಬರನ್ನು ಕಂಪನಿಯ ಯಜಮಾನರು ಕಾಶಿಗೆ ಕಳುಹಿಸಿದರು, ಇನ್ನೊಬ್ಬರನ್ನು ಮನೆಯ ಯಜಮಾನರು ಅಡಿಕೆ ತೋಟಕ್ಕೆ ಕರೆತಂದರು. ಚಿಕ್ಕಪ್ಪನಿಗೆ ಕಾರಂತರಷ್ಟು ಪ್ರತಿಭೆ ಇತ್ತೆಂದು ನಾನು ಹೇಳುತ್ತಿಲ್ಲ. ಇತ್ತೇ ಇಲ್ಲವೇ ಎಂದು ತಿಳಿಯುವ ಅವಕಾಶವೇ ಆಗಲಿಲ್ಲವೆಂಬುದು ಮಾತ್ರ ನಿಜ.

ಈಗ ನನ್ನ ತಪ್ಪಿನ ಸರದಿ. 1978ರ ಸುಮಾರಿಗೆ ನಮ್ಮ ಪ್ರೌಢಶಾಲೆಯಲ್ಲಿ ಒಬ್ಬ ಹುಡುಗನಿದ್ದನು. ವಾರ್ಷಿಕೋತ್ಸವದ ನಾಟಕವನ್ನು ಪ್ರತಿವರ್ಷ ಆಡಿಸುತ್ತಿದ್ದವನು ನಾನೇ ಎಂದು ನಿಮಗೆ ನೆನಪಿದೆ. ಆ ವರ್ಷ ಅವನು ಮಾಡಿದ ಪಾತ್ರವನ್ನು ನೋಡಿ ಊರಿಗೆ ಊರೇ ಬೆರಗಾಯಿತು. ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ಅವನು ನಾಟಕ ಕಲಿಯಬೇಕೆಂದು ಹಟ ಹಿಡಿದನು. ಅವನ ತಂದೆ ನನ್ನ ಬಳಿಗೆ ಬಂದು ಕೈಮುಗಿದು, "ಮೇಷ್ಟ್ರೇ, ನೀವು ಹೇಳಿದ್ರೆ ಕೇಳ್ತಾನೆ" ಎಂದರು. ನಾನು ಹೇಳಿದೆನು. ಅವನು ಕೇಳಿದನು. ಬಿ.ಕಾಂ. ಓದಿ, ಬ್ಯಾಂಕು ಸೇರಿ, ಮೇಲ್ದರ್ಜೆಯ ಅಧಿಕಾರಿಯಾಗಿ ನಿವೃತ್ತನಾದನು. ಈಗ ಗೆಳೆಯರನ್ನು ಕೂಡಿಸಿಕೊಂಡು ಊರ ಹಬ್ಬಗಳಲ್ಲಿ ಪೌರಾಣಿಕ ನಾಟಕ ಆಡುತ್ತಾನೆ. ಎರಡು ವರ್ಷದ ಹಿಂದೆ ನಾನು ಹೋಗಿ ನೋಡಿದೆನು. ದುರ್ಯೋಧನನ ಪಾತ್ರ. ಉಸಿರು ಮೊದಲಿನಂತೆ ಇಲ್ಲ, ಕಂದದ ಎತ್ತರದ ಸ್ವರ ನಿಲುಕುವುದಿಲ್ಲ. ನಾಟಕ ಮುಗಿದ ಮೇಲೆ ಬಂದು ಕಾಲು ಮುಟ್ಟಿ, "ಹೇಗಿತ್ತು ಸಾರ್?" ಎಂದನು. "ಚೆನ್ನಾಗಿತ್ತಪ್ಪ" ಎಂದೆನು. ಅವನು ಈ ಪುಟಗಳನ್ನು ತಪ್ಪದೆ ಓದುತ್ತಾನೆ. ಅಂದು ಅವನ ಎದುರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ: ನಾನು ನಿನಗೆ ಬುದ್ಧಿ ಹೇಳಿದ್ದು ನಿನ್ನ ಹಿತವನ್ನು ಯೋಚಿಸಿ ಅಲ್ಲ, ನಿನ್ನ ತಂದೆಯ ಮುಂದೆ ಒಳ್ಳೆಯ ಮೇಷ್ಟ್ರೆನಿಸಿಕೊಳ್ಳಬೇಕೆಂದು.

ವೀರಣ್ಣನವರು 1972ರಲ್ಲಿ ಪದ್ಮಶ್ರೀ ಪಡೆದರು. ಅದೇ ವರ್ಷದ ಅಕ್ಟೋಬರಿನಲ್ಲಿ ನಿಧನರಾದರು. ಅವರ ಮಗಳು ಮಾಲತಮ್ಮನವರು ರಂಗದ ಮೇಲೆ ಬೆಳೆದವರು. ಮಾಲತಮ್ಮನವರ ಮಗಳೇ ಬಿ. ಜಯಶ್ರೀ. ನಾಲ್ಕೈದು ವರ್ಷದ ಮಗುವಾಗಿದ್ದಾಗಲೇ ಬಣ್ಣ ಹಚ್ಚಿಸಿಕೊಂಡ ಅವರು, ತಾತನ ಕಂಪನಿಯಲ್ಲಿ ಕಲಿತದ್ದೇ ಸಾಕೆನ್ನದೆ ದೆಹಲಿಗೆ ಹೋಗಿ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ 1973ರಲ್ಲಿ ಪದವಿ ಪಡೆದರು. ಮರಳಿ ಬಂದು "ಸ್ಪಂದನ" ತಂಡವನ್ನು ಕಟ್ಟಿದರು. "ಲಕ್ಷಾಪತಿ ರಾಜನ ಕತೆ", "ಕರಿಮಾಯಿ" ಮುಂತಾದ ಅವರ ಪ್ರಯೋಗಗಳನ್ನು ನಿಮ್ಮಲ್ಲಿ ಬೆಂಗಳೂರಿನವರು ನೋಡಿರಬೇಕು. 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು, 2013ರಲ್ಲಿ ಅವರಿಗೂ ಪದ್ಮಶ್ರೀ ಬಂದಿತು. ಅವರ ಮಗಳು ಸುಷ್ಮಾ ಕೂಡ ರಂಗದವರೇ.

ಪ್ರಶಸ್ತಿಗಳ ಮಾತು ಹಾಗಿರಲಿ. ನಾನು ಹೇಳಹೊರಟದ್ದು "ಸದಾರಮೆ"ಯ ವಿಷಯ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಆ ನಾಟಕದಲ್ಲಿ ಒಬ್ಬ ಕಳ್ಳ ಬರುತ್ತಾನೆ. ನಾಯಕಿಯನ್ನು ಹೊತ್ತೊಯ್ಯುವ ದುಷ್ಟನಾದರೂ ಜನರು ಎದುರುನೋಡುವುದು ಅವನನ್ನೇ. ಆ ಕಳ್ಳನ ಪಾತ್ರ ವೀರಣ್ಣನವರ ಹೆಸರಿನೊಡನೆ ಅಂಟಿಕೊಂಡುಬಿಟ್ಟಿತು. ಎಷ್ಟೋ ದಶಕಗಳ ಮೇಲೆ ಜಯಶ್ರೀಯವರು "ಸದಾರಮೆ"ಯನ್ನು ಮತ್ತೆ ರಂಗಕ್ಕೆ ತಂದಾಗ ತಾವು ಆಯ್ದುಕೊಂಡದ್ದು ಸದಾರಮೆಯ ಪಾತ್ರವನ್ನಲ್ಲ, ತಾತನ ಕಳ್ಳನ ಪಾತ್ರವನ್ನು!

ಆ ನಾಟಕಕ್ಕೆ ನಾನು ಚಿಕ್ಕಪ್ಪನ ಮಗನೊಡನೆ ಹೋಗಿದ್ದೆನು. ಚಿಕ್ಕಪ್ಪ ಆಗಲೇ ಇರಲಿಲ್ಲ. ಅಡ್ಡಪಂಚೆ ಬಿಗಿದು ಕಳ್ಳ ರಂಗಕ್ಕೆ ನುಗ್ಗಿದೊಡನೆ ಸಭೆಯಲ್ಲಿ ಎದ್ದ ಕೇಕೆಯನ್ನು ನಾನು ಮರೆಯಲಾರೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಎಂಬತ್ತು ದಾಟಿದ ಮುದುಕರೊಬ್ಬರು ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. "ಅದೇ ನಡಿಗೆ" ಎಂದು ಒಂದೇ ಮಾತು ಹೇಳಿದರು. ಗಂಡಸರು ಹೆಣ್ಣಾಗಿ ನಟಿಸುತ್ತಿದ್ದ ಕಾಲದಲ್ಲಿ ಹೆಣ್ಣಿಗೆ ರಂಗದ ಮೇಲೆ ಜಾಗ ಕೊಟ್ಟ ತಾತ. ಆ ತಾತನ ಮೊಮ್ಮಗಳು ಗಂಡಿನ ಪಾತ್ರದಲ್ಲಿ ಅವನ ನಡಿಗೆಯನ್ನೇ ನಡೆಯುತ್ತಿದ್ದಾಳೆ. ಆಸ್ತಿ ಪತ್ರ ಬರೆದು ಕೊಡಬಹುದು, ನಡಿಗೆಯನ್ನು ಹೇಗೆ ಬರೆದು ಕೊಡುವುದು? ಮನೆಯಲ್ಲಿ ದಿನವೂ ನೋಡಿದ್ದರೆ ಮಾತ್ರ ಬರುತ್ತದೆ.

ಚಿಕ್ಕಪ್ಪನ ಮಗ ದಾರಿಯಲ್ಲಿ ಬಹಳ ಹೊತ್ತು ಮೌನವಾಗಿದ್ದು ಕಡೆಗೆ ಹೇಳಿದನು: "ನಮ್ಮಪ್ಪ ದನ ಕಟ್ಟೋ ಕೊಟ್ಟಿಗೇಲಿ ಒಬ್ರೇ ಮಾತಾಡ್ಕೋತಿದ್ರು ಅಣ್ಣ. ಹುಚ್ಚು ಅಂದ್ಕೊಂಡಿದ್ವಿ." ಋಷಿಕುಮಾರನ ಮಾತುಗಳೋ, ಸೈನಿಕನ ಮಾತುಗಳೋ, ಇಲ್ಲವೆ ತಮಗೆ ಎಂದೂ ದೊರೆಯದ ಅರ್ಜುನನ ಮಾತುಗಳೋ ಎಂದು ಕೇಳಿದೆನು. ಅವನಿಗೆ ತಿಳಿಯದು. ಅವರು ಯಾರೂ ಕಿವಿಗೊಟ್ಟು ಕೇಳಿರಲಿಲ್ಲ.

ಇಷ್ಟೆಲ್ಲ ಯೋಚಿಸಿ, ಮೂರು ದಿನ ತಡಮಾಡಿ, ನಾನು ಆ ಹುಡುಗಿಗೆ ಕರೆ ಮಾಡಿದೆನು. "ಅಪ್ಪ ಮಾಡ್ಸಿದ್ರಾ ತಾತ?" ಎಂದು ಮೊದಲೇ ಕೇಳಿದಳು. ಹೌದೆಂದೆನು. ಬುದ್ಧಿವಾದವನ್ನು ಎದುರಿಸಲು ಸಿದ್ಧಳಾಗಿ ಅವಳು ಸು‍ಮ್ಮನಾದಳು. ನಾನು ಸಂಬಳದ ಮಾತನ್ನೂ ಹೇಳಿದೆನು, ಹೇಳದೆ ಬಿಡುವುದು ವಂಚನೆಯಾಗುತ್ತಿತ್ತು. ಆ ಶಾಲೆಗೆ ಸೇರಿಸಿಕೊಳ್ಳುವವರು ಕೆಲವೇ ಮಂದಿ, ಸೇರಿದರೂ ಹೊರಗೆ ಬಂದ ಮೇಲೆ ಹೊಟ್ಟೆಪಾಡು ಕಷ್ಟ, ಜಯಶ್ರೀಯವರಿಗೆ ಬೆನ್ನ ಹಿಂದೆ ಒಂದು ಮನೆತನವಿತ್ತು, ನಿನಗೆ ಇಲ್ಲ ಎಂದೆನು. ಅದಕ್ಕೆ ಅವಳು, "ವೀರಣ್ಣನವರಿಗೆ ಇತ್ತಾ ತಾತ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಅವಳಿಗೆ ಚಿಕ್ಕಪ್ಪನ ಕಥೆಯನ್ನು ಹೇಳಿದೆನು. ಆನೆಯ ಮಾತು, ತಾತ ಟಿಕೇಟು ಕೊಂಡದ್ದು, ಕೊಟ್ಟಿಗೆಯ ಮಾತು ಎಲ್ಲವನ್ನೂ. ಮನೆಯವರಾರೂ ಅವಳಿಗೆ ಇದನ್ನು ಹೇಳಿರಲಿಲ್ಲ. ಚಿಕ್ಕಪ್ಪನ ಟ್ರಂಕಿನಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ಒಂದು ಬದಿಯಿಂದ ಕೊಬ್ಬರಿಯ ಲೆಕ್ಕ, ತಿರುಗಿಸಿ ಹಿಡಿದರೆ ಇನ್ನೊಂದು ಬದಿಯಿಂದ ಪೆನ್ಸಿಲಿನಲ್ಲಿ ಬರೆದುಕೊಂಡ ನಾಟಕದ ಹಾಡುಗಳು. ಪ್ರತಿ ಹಾಡಿನ ನೆತ್ತಿಯ ಮೇಲೆ ರಾಗದ ಹೆಸರಿದೆ. ಅದು ಬೇಕೆ ಎಂದು ಕೇಳಿದೆನು. ಬೇಕು ಎಂದಳು.

ಸೋಮವಾರ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿ ಕಳುಹಿಸಿದ್ದೇನೆ. ತಲುಪಿದೆಯೆಂದು ಅವಳು ತಿಳಿಸಿದಳು. ಮಟ್ಟು ಹಿಡಿಯುವುದಕ್ಕೆ ತಂಗಿಯನ್ನೂ ನನ್ನನ್ನೂ ಕೇಳಲು ದಸರಾ ರಜೆಗೆ ಊರಿಗೆ ಬರುತ್ತಾಳಂತೆ. ತಮ್ಮನ ಮಗ ಮಾತ್ರ ಈವರೆಗೆ ಮತ್ತೆ ಕರೆ ಮಾಡಿಲ್ಲ.